ಊಹೆಯ ಪ್ರವಾಸಕ್ಕೆ ನಿಜವಾದ ವೇಳಾಪಟ್ಟಿ

ಪ್ರಶ್ನೆ: ನಾನು ಪುಣೆಯ ಕೋಥರೂಡದ ಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಯ ಮಕ್ಕಳಿಗೆ ಜರ್ಮನ್ ಕಲಿಸುತ್ತೇನೆ. ನಮ್ಮ ಮನೆಯವರು ವಿಜಯಪುರದ ಕಡೆಯಿಂದ ಬಂದವರು. ತರಗತಿಯಲ್ಲಿಯೂ ಕನ್ನಡ ಮನೆಮಾತಿನ ಕೆಲವು ಮಕ್ಕಳಿದ್ದಾರೆ. ಪ್ರತಿ ವರ್ಷ ಮಕ್ಕಳಿಂದ ‘ಜರ್ಮನಿಗೆ ಕಾಲ್ಪನಿಕ ಪ್ರವಾಸ’ ಮಾಡಿಸುತ್ತೇನೆ. ಅವರು ಗುಂಪು ಕಟ್ಟಿಕೊಂಡು ಒಂದೊಂದು ಊರನ್ನು ಆರಿಸಿ ಸ್ಲೈಡ್ ತಯಾರಿಸುತ್ತಾರೆ. ನೋಯ್‌ಶ್ವಾನ್‌ಸ್ಟೈನ್ ಕೋಟೆ, ಬರ್ಲಿನ್ ಗೋಡೆ, ಬ್ಲ್ಯಾಕ್ ಫಾರೆಸ್ಟ್ ಕೇಕ್ ಎಲ್ಲವೂ ಬರುತ್ತವೆ. ನೋಡಲು ಚೆಂದವಾಗಿರುತ್ತದೆ, ಆದರೆ ಮುಗಿದ ಮೇಲೆ ಟೂರ್ ಕಂಪನಿಯ ಜಾಹೀರಾತಿನಲ್ಲಿ ಇರುವುದಕ್ಕಿಂತ ಹೆಚ್ಚಿನದೇನೂ ಅವರ ತಲೆಯಲ್ಲಿ ಉಳಿದಿರುವುದಿಲ್ಲ. ಮಾತೆಲ್ಲ ಮರಾಠಿ ಮತ್ತು ಇಂಗ್ಲಿಷಿನಲ್ಲಿ ನಡೆಯುತ್ತದೆ. ಇದಕ್ಕೆ ಅಂಕ ಎಷ್ಟು ಎಂದು ಪಾಲಕರು ಕೇಳುತ್ತಾರೆ. ನಾನು ಸ್ವತಃ ಜರ್ಮನಿಗೆ ಹೋದವಳಲ್ಲ. ಇಂಥ ಪ್ರವಾಸದಿಂದ ಸಂಸ್ಕೃತಿಯನ್ನು ನಿಜವಾಗಿ ಕಲಿಸಲು ಸಾಧ್ಯವೇ? ಸಾಧ್ಯವಿದ್ದರೆ ಹೇಗೆ?

ಉತ್ತರ: ಸಾಧ್ಯವಿದೆ. ಈ ವಯಸ್ಸಿನ ಮಕ್ಕಳಿಗೆ ಪರದೇಶದ ಬದುಕನ್ನು ಪರಿಚಯಿಸಲು ಶಾಲೆಯ ಕೋಣೆಯೊಳಗೆ ಇದಕ್ಕಿಂತ ಒಳ್ಳೆಯ ದಾರಿಗಳು ಹೆಚ್ಚಿಲ್ಲ ಎಂದೇ ನಾನು ನಂಬಿದ್ದೇನೆ. ನಿಮ್ಮ ಪ್ರಯತ್ನ ಫಲ ಕೊಡದಿರುವುದಕ್ಕೆ ಮಕ್ಕಳ ನಿರಾಸಕ್ತಿಯಾಗಲಿ ನಿಮ್ಮ ಶ್ರಮದ ಕೊರತೆಯಾಗಲಿ ಕಾರಣವಲ್ಲ. ನೀವು ವಿವರಿಸಿದ ಪ್ರವಾಸದಲ್ಲಿ ಊರುಗಳಿವೆ, ಕೋಟೆಗಳಿವೆ, ತಿನಿಸುಗಳಿವೆ. ಪ್ರಯಾಣಿಕರು ಮಾತ್ರ ಇಲ್ಲ. ಸ್ಲೈಡ್ ತೋರಿಸುತ್ತಿರುವ ಹುಡುಗಿ ಟಿಕೆಟ್ ಕೊಂಡಿಲ್ಲ, ಅವಳಿಗೆ ಹಸಿವಾಗಿಲ್ಲ, ಅವಳ ರೈಲು ತಡವಾಗಿಲ್ಲ, ಯಾರನ್ನೂ ಏನನ್ನೂ ಕೇಳುವ ಅಗತ್ಯ ಅವಳಿಗೆ ಬಂದಿಲ್ಲ. ಒಂದು ಸಮಾಜದ ನಡೆ, ನಂಬಿಕೆ, ಕಟ್ಟುಪಾಡುಗಳು ನಮಗೆ ಕಾಣಿಸುವುದು ಅಲ್ಲಿ ನಮಗೊಂದು ಕೆಲಸವಿದ್ದು, ಆ ಕೆಲಸ ನಾವೆಣಿಸಿದಂತೆ ಸಾಗದೆ ನಿಂತಾಗ. ಆದ್ದರಿಂದ ಪ್ರವಾಸ ಊಹೆಯದ್ದಾಗಿದ್ದರೂ ಅದರೊಳಗಿನ ಅಡಚಣೆಗಳು ನಿಜವಾದವುಗಳಾಗಿರಬೇಕು ಎಂಬುದು ನಿಮ್ಮ ಪ್ರಶ್ನೆಗೆ ನನ್ನ ಮುಖ್ಯ ಉತ್ತರ. ಮುಂದಿನದೆಲ್ಲ ಇದರ ವಿವರಣೆ.

ಭಾಷಾ ಬೋಧನೆಯಲ್ಲಿ ಊಹೆಯ ಲೋಕವನ್ನು ಕಟ್ಟುವ ಪದ್ಧತಿಗೆ ಅರ್ಧ ಶತಮಾನದ ಹಿನ್ನೆಲೆಯಿದೆ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಫ್ರಾನ್ಸಿಸ್ ದೆಬೀಜೆರ್ ಮತ್ತು ಅವರ ಸಹೋದ್ಯೋಗಿಗಳು ‘ಸಮಗ್ರ ಅನುಕರಣೆ’ ಎನ್ನಬಹುದಾದ ಕ್ರಮವೊಂದನ್ನು ರೂಪಿಸಿದರು. ಅದರಲ್ಲಿ ಇಡೀ ತರಗತಿ ಸೇರಿ ಒಂದು ಸ್ಥಳವನ್ನು, ಉದಾಹರಣೆಗೆ ಪ್ಯಾರಿಸ್ಸಿನ ಒಂದು ವಸತಿ ಕಟ್ಟಡವನ್ನು, ಕಲ್ಪಿಸಿಕೊಳ್ಳುತ್ತದೆ. ಪ್ರತಿಯೊಬ್ಬ ವಿದ್ಯಾರ್ಥಿಯೂ ಅಲ್ಲಿನ ಒಬ್ಬ ನಿವಾಸಿಯ ಹೆಸರು, ವಯಸ್ಸು, ಉದ್ಯೋಗಗಳನ್ನು ತನ್ನದಾಗಿಸಿಕೊಂಡು ವಾರಗಟ್ಟಲೆ ಆ ವ್ಯಕ್ತಿಯಾಗಿ ಮಾತನಾಡುತ್ತಾನೆ, ಪತ್ರ ಬರೆಯುತ್ತಾನೆ, ನೆರೆಯವರೊಡನೆ ಜಗಳವನ್ನೂ ಆಡುತ್ತಾನೆ. 1995ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊ ಸ್ಟೇಟ್ ವಿಶ್ವವಿದ್ಯಾಲಯದ ಬರ್ನಿ ಡಾಜ್ ರೂಪಿಸಿದ ವೆಬ್‌ಕ್ವೆಸ್ಟ್ ಎಂಬ ಕ್ರಮ ಇದಕ್ಕೆ ಇನ್ನೊಂದು ಅಂಶವನ್ನು ಕೂಡಿಸಿತು: ವಿದ್ಯಾರ್ಥಿಗೆ ಒಂದು ಕೆಲಸವನ್ನು ಕೊಟ್ಟು, ಆ ಕೆಲಸಕ್ಕೆ ಬೇಕಾದ ಅಸಲಿ ಮಾಹಿತಿಯನ್ನು ಅಂತರ್ಜಾಲದಿಂದ ಹುಡುಕಿಸುವುದು. ನಿಮ್ಮ ಪ್ರವಾಸಕ್ಕೆ ಎರಡೂ ಬೇಕು. ಮೊದಲನೆಯದರಿಂದ ಪಾತ್ರ ದೊರೆಯುತ್ತದೆ, ಎರಡನೆಯದರಿಂದ ಕೆಲಸ ಮತ್ತು ದಾಖಲೆಗಳು ದೊರೆಯುತ್ತವೆ.

ಮೊದಲು ಊರುಗಳ ಸಂಖ್ಯೆಯನ್ನು ಇಳಿಸಿ. ಐದು ಗುಂಪುಗಳಿಗೆ ಐದು ಊರುಗಳೆಂದರೆ ಒಂದರ ಒಳಹೊಕ್ಕು ನೋಡುವುದೂ ಆಗುವುದಿಲ್ಲ, ಒಬ್ಬರ ಅನುಭವವನ್ನು ಇನ್ನೊಬ್ಬರದರ ಜೊತೆ ಹೋಲಿಸುವುದೂ ಆಗುವುದಿಲ್ಲ. ಇಡೀ ತರಗತಿ ಒಂದೇ ಊರಿಗೆ ಏಳು ದಿನಗಳ ಮಟ್ಟಿಗೆ ಹೋಗಲಿ. ನಾನು ಕೊಲೋನ್ ನಗರವನ್ನು ಸೂಚಿಸುತ್ತೇನೆ. ಕಾರಣಗಳು ಮುಂದೆ ತಾವಾಗಿಯೇ ತಿಳಿಯುತ್ತವೆ. ಪ್ರತಿ ಮಗುವಿಗೂ ಒಂದು ಕಾರ್ಡ್ ಕೊಡಿ. ಅದರಲ್ಲಿ ಹೋಗುವ ಉದ್ದೇಶ, ಕೈಯಲ್ಲಿರುವ ಹಣ ಮತ್ತು ತಾರೀಖುಗಳು ಇರಲಿ. ಒಬ್ಬನಿಗೆ ಕೊಲೋನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿರುವ ಅಕ್ಕನಿಗೆ ಅಮ್ಮ ಕಟ್ಟಿಕೊಟ್ಟ ಬುತ್ತಿಯನ್ನು ಮುಟ್ಟಿಸುವುದಿದೆ, ಒಬ್ಬಳಿಗೆ ಅಲ್ಲಿನ ಶಾಲೆಯ ಮಕ್ಕಳ ಜೊತೆ ಚದುರಂಗ ಆಡುವುದಿದೆ, ಇನ್ನೊಬ್ಬಳಿಗೆ ಪುಣೆಯ ಪತ್ರಿಕೆಯೊಂದಕ್ಕೆ ಆ ಊರಿನ ಹಳೆಯ ಕೆಲಸಗಾರರ ಬಗ್ಗೆ ಲೇಖನ ಬರೆಯುವುದಿದೆ. ವಿಮಾನದ ಖರ್ಚು ಮತ್ತು ವಸತಿ ಆತಿಥೇಯ ಕುಟುಂಬದ್ದೆಂದು ಇಟ್ಟುಕೊಂಡು, ಉಳಿದ ಖರ್ಚಿಗೆ ಎಲ್ಲರಿಗೂ 150 ಯೂರೋ ಎಂದು ನಿಗದಿ ಮಾಡಿ. ಈ ಸಮಾನತೆಗೆ ಒಂದು ಮಹತ್ವವಿದೆ. ನಿಮ್ಮ ತರಗತಿಯಲ್ಲಿ ರಜೆಗೆ ಯುರೋಪ್ ನೋಡಿ ಬಂದ ಮಗುವೂ ಇರುತ್ತದೆ, ಪಾಸ್‌ಪೋರ್ಟನ್ನೇ ನೋಡದ ಮಗುವೂ ಇರುತ್ತದೆ. ಕಾರ್ಡಿನ ಪ್ರವಾಸದಲ್ಲಿ ಇಬ್ಬರ ಜೇಬೂ ಒಂದೇ. ಅಡುಗೆಯವರನ್ನು ಜೊತೆಗೇ ಕರೆದೊಯ್ಯುವ ಟೂರ್ ಬಸ್ಸಿನಲ್ಲಿ ಕುಳಿತು ಬಂದ ಮಗು ತಾನು ನೋಡದಿದ್ದ ಎಷ್ಟೋ ಸಂಗತಿಗಳನ್ನು ಇಲ್ಲಿ ನೋಡಬಹುದು.

ಪ್ರವಾಸ ಪುಣೆಯ ಮನೆಯಲ್ಲೇ, ಬ್ಯಾಗ್ ತುಂಬುವಲ್ಲಿಂದ ಆರಂಭವಾಗಲಿ. ಅಕ್ಕನಿಗಾಗಿ ಅಮ್ಮ ಶೇಂಗಾ ಚಟ್ನಿಪುಡಿ, ಮನೆಯ ತುಪ್ಪ, ಧಾರವಾಡ ಪೇಢೆ ಕೊಟ್ಟಿದ್ದಾಳೆ. ಐರೋಪ್ಯ ಒಕ್ಕೂಟದ ನಿಯಮದಂತೆ ಹೊರದೇಶದಿಂದ ಬರುವ ಪ್ರಯಾಣಿಕರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಸಾಮಾನಿನಲ್ಲಿ ತರುವಂತಿಲ್ಲ. ಆದ್ದರಿಂದ ಪೇಢೆ ಮತ್ತು ತುಪ್ಪ ಇಲ್ಲಿಯೇ ಉಳಿಯಬೇಕು, ಚಟ್ನಿಪುಡಿಗೆ ಆ ನಿರ್ಬಂಧವಿಲ್ಲ. ಜಾನುವಾರುಗಳ ರೋಗ ಗಡಿ ದಾಟಿ ಹರಡದಂತೆ ಮಾಡಿದ ನಿಯಮವಿದು ಎಂದು ತಿಳಿದ ಮೇಲೆ ಮಕ್ಕಳು ಅದನ್ನು ಬರಿಯ ಕಿರುಕುಳವೆಂದು ನೋಡುವುದಿಲ್ಲ. ಸುಂಕದ ಅಧಿಕಾರಿ ಕೇಳುವ ಪ್ರಶ್ನೆಗೆ ಉತ್ತರಿಸುವ ಸಂಭಾಷಣೆ ಆರಂಭಿಕ ಹಂತದ ಜರ್ಮನ್‌ಗೆ ಹೇಳಿ ಮಾಡಿಸಿದಂತಿದೆ: ಇದು ಏನು, ಇದರಲ್ಲಿ ಏನಿದೆ, ಯಾರಿಗಾಗಿ, ಎಷ್ಟಿದೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಇಳಿದವರಿಗೆ ಅಲ್ಲಿಯೇ ದೂರಪ್ರಯಾಣದ ರೈಲು ನಿಲ್ದಾಣವಿದೆ. 2002ರಲ್ಲಿ ತೆರೆದ ಅತಿವೇಗದ ಮಾರ್ಗದಲ್ಲಿ ಐಸಿಇ ರೈಲು ಹತ್ತಿದರೆ ಕೊಲೋನ್ ಸುಮಾರು ಒಂದು ಗಂಟೆಯ ದಾರಿ. ರೈನ್ ನದಿಯ ದಂಡೆಯುದ್ದಕ್ಕೂ ಕೊಬ್ಲೆಂಜ್ ಮೂಲಕ ಸಾಗುವ ಪ್ರಾದೇಶಿಕ ರೈಲುಗಳಲ್ಲಿ ಅದರ ಸುಮಾರು ಮೂರು ಪಟ್ಟು ಸಮಯ ಬೇಕು, ಆದರೆ ದ್ರಾಕ್ಷಿ ತೋಟದ ಇಳಿಜಾರುಗಳು, ಗುಡ್ಡದ ಮೇಲಿನ ಹಳೆಯ ಕೋಟೆಗಳು, ಲೋರೆಲೈ ಬಂಡೆ ಎಲ್ಲವೂ ಆ ದಾರಿಯಲ್ಲೇ ಸಿಗುತ್ತವೆ. ದೇಶದ ಎಲ್ಲ ಸ್ಥಳೀಯ ಬಸ್, ಟ್ರಾಮ್ ಮತ್ತು ಪ್ರಾದೇಶಿಕ ರೈಲುಗಳಿಗೆ ನಡೆಯುವ ಮಾಸಿಕ ಪಾಸು 2023ರ ಮೇ ತಿಂಗಳಲ್ಲಿ 49 ಯೂರೋಗೆ ಆರಂಭವಾಗಿ 2025ರ ಜನವರಿಯಲ್ಲಿ 58 ಯೂರೋ ಆಯಿತು. ಅದು ಐಸಿಇ ರೈಲಿಗೆ ನಡೆಯುವುದಿಲ್ಲ, ಮತ್ತು ಅದೊಂದು ತಿಂಗಳ ಚಂದಾ ಆದ್ದರಿಂದ ಸಮಯಕ್ಕೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. ಇಂದಿನ ದರ ಎಷ್ಟಿದೆ, ತನ್ನ 150 ಯೂರೋದಲ್ಲಿ ಯಾವುದು ಹೊಂದುತ್ತದೆ ಎಂಬುದನ್ನು ಮಗುವೇ ಜರ್ಮನ್ ರೈಲ್ವೆಯ ಜಾಲತಾಣದಲ್ಲಿ ನೋಡಿ ತೀರ್ಮಾನಿಸಬೇಕು. ಅಲ್ಲಿನ ನಿಲ್ದಾಣಗಳಲ್ಲಿ ನಮ್ಮ ಪುಣೆ ಮೆಟ್ರೊದಲ್ಲಿರುವಂತೆ ಟಿಕೆಟ್ ತೋರಿಸಿದರೆ ಮಾತ್ರ ತೆರೆಯುವ ಗೇಟುಗಳಿಲ್ಲ, ಮುಂಬೈ ಲೋಕಲ್‌ನಂತೆ ಯಾರು ಬೇಕಾದರೂ ಪ್ಲಾಟ್‌ಫಾರ್ಮಿಗೆ ನಡೆದು ಹೋಗಬಹುದು. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ 60 ಯೂರೋ ದಂಡ. ನಂಬಿಕೆಯೂ ತಪಾಸಣೆಯೂ ಒಂದೇ ವ್ಯವಸ್ಥೆಯಲ್ಲಿ ಹೇಗೆ ಜೊತೆಗೂಡಿವೆ ಎಂಬುದನ್ನು ಮಕ್ಕಳು ಚರ್ಚಿಸಲಿ. ಮುಂಬೈಗೆ ಹೋಗಿ ಬಂದ ಮಕ್ಕಳಿಗೆ ಹೇಳುವುದು ಬಹಳ ಇರುತ್ತದೆ.

ಇಲ್ಲಿ ನೀವು ಒಂದು ತೊಡಕನ್ನು ಬೇಕೆಂದೇ ಇಡಬೇಕು. ಜರ್ಮನರು ಸಮಯಪಾಲಕರು ಎಂಬುದು ನಮ್ಮ ಮಕ್ಕಳಿಗೆ ಮೊದಲೇ ಬಾಯಿಪಾಠವಾಗಿರುವ ವಾಕ್ಯ. ಆದರೆ 2024ರಲ್ಲಿ ಜರ್ಮನ್ ರೈಲ್ವೆಯ ದೂರಪ್ರಯಾಣದ ರೈಲುಗಳ ಪೈಕಿ ಸಮಯಕ್ಕೆ ತಲುಪಿದವು ಶೇಕಡಾ 62.5 ಮಾತ್ರ, ಅದೂ ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದೇ ಎಣಿಸದೆ. ಆದ್ದರಿಂದ ಅರ್ಧ ತರಗತಿಯ ರೈಲು 70 ನಿಮಿಷ ತಡವಾಗಿದೆ ಎಂದು ಘೋಷಿಸಿಬಿಡಿ. ಆತಿಥೇಯರಿಗೆ ಫೋನ್ ಮಾಡಿ ತಿಳಿಸಬೇಕು, ಕೌಂಟರಿನಲ್ಲಿ ವಿಚಾರಿಸಬೇಕು, ಪರಿಹಾರದ ಅರ್ಜಿ ತುಂಬಬೇಕು. ಐರೋಪ್ಯ ನಿಯಮದಲ್ಲಿ 60 ನಿಮಿಷ ಮೀರಿದರೆ ಟಿಕೆಟ್ ದರದ ಶೇಕಡಾ 25, ಎರಡು ಗಂಟೆ ಮೀರಿದರೆ ಶೇಕಡಾ 50 ಹಣ ಮರಳಿ ಸಿಗುತ್ತದೆ. ರೈಲು ತಡವಾಗುವುದು ಎರಡೂ ದೇಶಗಳಲ್ಲಿ ಇದೆ. ತಡವಾದಾಗ ಪ್ರಯಾಣಿಕ ತನಗೆ ಏನು ಸಲ್ಲಬೇಕೆಂದು ಎಣಿಸುತ್ತಾನೆ, ಯಾರನ್ನು ಕೇಳುತ್ತಾನೆ, ಯಾವ ದನಿಯಲ್ಲಿ ಕೇಳುತ್ತಾನೆ ಎಂಬಲ್ಲಿ ವ್ಯತ್ಯಾಸವಿದೆ. ಸಿದ್ಧ ಅಭಿಪ್ರಾಯವೊಂದು ಅಂಕಿಅಂಶದ ಮುಂದೆ ಕುಸಿದು, ಅದರ ಜಾಗದಲ್ಲಿ ಹೆಚ್ಚು ಸೂಕ್ಷ್ಮವಾದ ತಿಳಿವಳಿಕೆ ಮೂಡುವುದನ್ನು ನಾನು ಇಂಥ ಪಾಠಗಳಲ್ಲಿ ಕಂಡಿದ್ದೇನೆ, ಮತ್ತು ಪ್ರತಿ ಬಾರಿಯೂ ಅದರಿಂದ ಸಂತೋಷಪಟ್ಟಿದ್ದೇನೆ.

ಇನ್ನೊಂದು ತೊಡಕು ಭಾನುವಾರ. ಏಳು ದಿನಗಳಲ್ಲಿ ಒಂದು ಭಾನುವಾರ ಬಂದೇ ಬರುತ್ತದೆ. ಅದನ್ನು ಆತಿಥೇಯರ ಮನೆಯಲ್ಲಿ ಚಹಾಕೂಟವಿರುವ ದಿನವಾಗಿ ಮಾಡಿ, ಮಗು ಉಡುಗೊರೆ ಕೊಳ್ಳಲು ಮರೆತಿದೆ ಎಂದು ಇಟ್ಟುಕೊಳ್ಳಿ. ಅಂಗಡಿಗಳೆಲ್ಲ ಮುಚ್ಚಿವೆ. ಬೇಕರಿ ಬೆಳಿಗ್ಗೆ ಕೆಲವು ಗಂಟೆ ತೆರೆದಿರುತ್ತದೆ, ರೈಲು ನಿಲ್ದಾಣದೊಳಗಿನ ಅಂಗಡಿಗಳಿವೆ, ಪೆಟ್ರೋಲ್ ಪಂಪಿನಲ್ಲಿ ಒಂದಿಷ್ಟು ಸಾಮಾನು ಸಿಗಬಹುದು. ಮಕ್ಕಳು ನಕ್ಷೆ ಹಿಡಿದು, ಅಂಗಡಿಗಳ ವೇಳೆ ನೋಡಿ ಇದನ್ನು ತಾವೇ ಕಂಡುಕೊಂಡ ಮೇಲೆ ‘ಏಕೆ’ ಎಂಬ ಪ್ರಶ್ನೆಗೆ ಬನ್ನಿ. ಜರ್ಮನಿಯ 1919ರ ವೈಮಾರ್ ಸಂವಿಧಾನ ಭಾನುವಾರವನ್ನೂ ಹಬ್ಬದ ರಜೆಗಳನ್ನೂ ಕೆಲಸದಿಂದ ಬಿಡುವಿನ ದಿನಗಳೆಂದು ರಕ್ಷಿಸಿತು; 1949ರ ಮೂಲಭೂತ ಕಾನೂನು, ಅಂದರೆ ಅಲ್ಲಿನ ಇಂದಿನ ಸಂವಿಧಾನ, ತನ್ನ 140ನೆಯ ವಿಧಿಯ ಮೂಲಕ ಆ ರಕ್ಷಣೆಯನ್ನು ಹಾಗೆಯೇ ಉಳಿಸಿಕೊಂಡಿತು. ಇಂದು ಅದರ ಪರವಾಗಿ ನಿಲ್ಲುವವರಲ್ಲಿ ಚರ್ಚುಗಳೂ ಇವೆ, ಕಾರ್ಮಿಕ ಸಂಘಗಳೂ ಇವೆ. ಗಾಜಿನ ಬಾಟಲಿಗಳನ್ನು ಹಾಕುವ ಬೀದಿಯ ದೊಡ್ಡ ಡಬ್ಬಿಗಳ ಮೇಲೂ ಭಾನುವಾರ ಹಾಕಬಾರದು ಎಂಬ ಸೂಚನೆ ಇರುತ್ತದೆ, ಏಕೆಂದರೆ ಗಾಜು ಒಡೆಯುವ ಸದ್ದು ನೆರೆಯವರ ವಿಶ್ರಾಂತಿಯನ್ನು ಕೆಡಿಸುತ್ತದೆ.

ಪುಣೆಯ ಮಕ್ಕಳಿಗೆ ಇದನ್ನು ಅರ್ಥಮಾಡಿಸುವುದು ಬೇರೆ ಊರಿನ ಮಕ್ಕಳಿಗಿಂತ ಸುಲಭ. ನಮ್ಮ ಪೇಟೆಗಳ ಹಳೆಯ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುವ ರೂಢಿ ಇಡೀ ಮಹಾರಾಷ್ಟ್ರಕ್ಕೆ ಗೊತ್ತು. ಗಿರಾಕಿ ಬಾಗಿಲ ಮುಂದೆ ನಿಂತಿದ್ದರೂ ಮಾಲೀಕರ ಊಟ ಮತ್ತು ನಿದ್ದೆ ದೊಡ್ಡದೆಂದು ಎಣಿಸುವ ಆ ಪದ್ಧತಿಗೂ ಜರ್ಮನಿಯ ಭಾನುವಾರಕ್ಕೂ ಎಲ್ಲಿ ಸಾಮ್ಯವಿದೆ, ಎಲ್ಲಿ ಭೇದವಿದೆ ಎಂದು ಕೇಳಿ. ಒಂದು ಕಾನೂನು, ಇನ್ನೊಂದು ರೂಢಿ. ಒಂದು ಕೆಲಸಗಾರರ ಬಿಡುವಿಗಾಗಿ ನಿಂತದ್ದು, ಇನ್ನೊಂದು ಮಾಲೀಕರೇ ತೆಗೆದುಕೊಂಡ ಬಿಡುವು. ಮಾಲ್‌ಗಳು ಬಂದ ಮೇಲೆ ನಮ್ಮ ರೂಢಿ ಸಡಿಲವಾಗುತ್ತಿರುವುದನ್ನೂ ಮಕ್ಕಳು ಗಮನಿಸಿಯಾರು. 1996ರಲ್ಲಿ ಅಮೆರಿಕದ ಭಾಷಾ ಶಿಕ್ಷಕರು ಒಪ್ಪಿಕೊಂಡ ಮಾನದಂಡಗಳು ಸಂಸ್ಕೃತಿಯನ್ನು ವಸ್ತುಗಳು, ಆಚರಣೆಗಳು, ಅವುಗಳ ಹಿಂದಿರುವ ದೃಷ್ಟಿ ಎಂದು ಮೂರಾಗಿ ನೋಡಲು ಹೇಳಿದವು. ನಿಮ್ಮ ಸ್ಲೈಡುಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಮುಚ್ಚಿದ ಅಂಗಡಿಯಿಂದ ಹೊರಟು ಸಂವಿಧಾನದವರೆಗೆ ಹೋಗಿ ನಮ್ಮ ಪೇಟೆಯ ಲಕ್ಷ್ಮೀ ರಸ್ತೆಗೆ ಮರಳಿ ಬಂದ ಮಗು ಮೂರನ್ನೂ ಮುಟ್ಟಿರುತ್ತದೆ.

ಖಾಲಿ ನೀರಿನ ಬಾಟಲಿ ಇನ್ನೊಂದು ಒಳ್ಳೆಯ ಸಾಧನ. ಅಲ್ಲಿ ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಕಟ್ಟಬೇಕು, ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಅದು ಮರಳಿ ಸಿಗುತ್ತದೆ. ಈ ಕ್ರಮ 2003ರಿಂದ ಜಾರಿಯಲ್ಲಿದೆ. ರಸೀದಿಯಲ್ಲಿ ನೀರಿನ ಬೆಲೆಗಿಂತ 25 ಸೆಂಟ್ ಹೆಚ್ಚು ಬಿದ್ದಿರುವುದನ್ನು ಮಗು ಮೊದಲು ಮೋಸವೆಂದೇ ತಿಳಿಯುತ್ತದೆ. ಬಳಿಕ, ನಗರದ ಕಸದ ತೊಟ್ಟಿಗಳ ಒಳಗೆ ಎಸೆಯದೆ ಪಕ್ಕದಲ್ಲಿ ಕೆಲವರು ಬಾಟಲಿಗಳನ್ನು ನಿಲ್ಲಿಸಿ ಹೋಗುವ ಚಿತ್ರವನ್ನು ತೋರಿಸಿ. ಅವು ಬಾಟಲಿ ಆಯ್ದು ದಿನದ ಖರ್ಚಿಗೆ ಒಂದಿಷ್ಟು ಕೂಡಿಸಿಕೊಳ್ಳುವ ಬಡವರಿಗಾಗಿ ಬಿಟ್ಟವು. ಶ್ರೀಮಂತ ದೇಶದಲ್ಲಿಯೂ ಬಡತನವಿದೆ ಎಂಬುದು ಟೂರ್ ಜಾಹೀರಾತಿನಲ್ಲಿ ಎಂದೂ ಬಾರದ ಸಂಗತಿ. ಪುಣೆಯಲ್ಲಿ ಕಸ ಆಯುವ ಹೆಂಗಸರು 1993ರಲ್ಲಿ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಎಂಬ ತಮ್ಮದೇ ಸಂಘಟನೆ ಕಟ್ಟಿಕೊಂಡವರು. ಇಂದು ಅವರ ಸಹಕಾರಿ ಸಂಸ್ಥೆಯ ಸದಸ್ಯರೇ ನಮ್ಮ ಅನೇಕ ಸೊಸೈಟಿಗಳ ಕಸ ಒಯ್ಯುತ್ತಾರೆ. ತಮ್ಮ ಮನೆಯ ಬಾಗಿಲಿಗೆ ಬರುವ ತಾಯಿಯ ಹೆಸರನ್ನು ಕೇಳಿಕೊಂಡು ಬರುವಂತೆ ಮಕ್ಕಳಿಗೆ ಹೇಳಿ. ಕೊಲೋನಿನ ಬಾಟಲಿಯ ಪಾಠಕ್ಕೆ ಅದೂ ಸೇರುತ್ತದೆ.

ಊಟದ ಮೇಜಿನ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಏಕೆಂದರೆ ಪಠ್ಯಪುಸ್ತಕಗಳು ಅದಕ್ಕೆ ಸಾಕಷ್ಟು ಪುಟ ಕೊಡುತ್ತವೆ. ಲಿಂಗಾಯತ ಅಥವಾ ಜೈನ ಮನೆಯ ಮಗು ತಾನು ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದು ಆತಿಥೇಯರಿಗೆ ನೋವಾಗದಂತೆ ಹೇಳುವುದು, ಕೇಕಿನಲ್ಲಿ ಏನಿದೆ ಎಂದು ವಿಚಾರಿಸುವುದು, ರಾತ್ರಿ ಬಿಸಿ ಅಡುಗೆಯ ಬದಲು ಬ್ರೆಡ್ ಮತ್ತು ಚೀಸ್ ಬಂದಾಗ ಅದನ್ನು ಅನಾದರವೆಂದು ತಿಳಿಯದಿರುವುದು, ಇಷ್ಟನ್ನು ಪಾತ್ರಾಭಿನಯದಲ್ಲಿ ಮಾಡಿಸಿದರೆ ಸಾಕು.

ಕೊಲೋನನ್ನು ಆರಿಸಲು ನನಗಿರುವ ದೊಡ್ಡ ಕಾರಣ ಡಾಯ್ಟ್ಸ್ ನಿಲ್ದಾಣ. ಮುಖ್ಯ ನಿಲ್ದಾಣದಿಂದ ಹೊರಬಿದ್ದರೆ ಕಣ್ಣೆದುರಿಗೇ 157 ಮೀಟರ್ ಎತ್ತರದ ಮಹಾಚರ್ಚು ನಿಂತಿದೆ. 1248ರಲ್ಲಿ ಆರಂಭವಾದ ಅದರ ಕಟ್ಟೋಣ ನಡುವೆ ಶತಮಾನಗಳ ಕಾಲ ನಿಂತು 1880ರಲ್ಲಿ ಮುಗಿಯಿತು. ಗೋಪುರಕ್ಕೆ 533 ಮೆಟ್ಟಿಲುಗಳು. ಅದನ್ನು ಮಕ್ಕಳು ಹೇಗೂ ನೋಡುತ್ತಾರೆ. ನೀವು ಅವರನ್ನು ಅಲ್ಲಿಂದ ಹೋಹೆನ್‌ಜೋಲರ್ನ್ ಸೇತುವೆಯ ಮೇಲೆ ನಡೆಸಿಕೊಂಡು ರೈನ್ ನದಿಯ ಆಚೆಯ ದಂಡೆಗೆ ಕರೆದೊಯ್ಯಿರಿ. 1964ರ ಸೆಪ್ಟೆಂಬರ್ 10ರಂದು ಆ ಡಾಯ್ಟ್ಸ್ ನಿಲ್ದಾಣದಲ್ಲಿ ಅರ್ಮಾಂಡೊ ರೊಡ್ರಿಗೆಸ್ ಡಿ ಸಾ ಎಂಬ ಪೋರ್ಚುಗಲ್ಲಿನ ಬಡಗಿ ರೈಲಿನಿಂದ ಇಳಿದರು. ಜರ್ಮನಿ ಹೊರದೇಶಗಳಿಂದ ಕರೆಸಿಕೊಂಡ ಕೆಲಸಗಾರರಲ್ಲಿ ಅವರು ಹತ್ತು ಲಕ್ಷದನೆಯವರೆಂದು ಘೋಷಿಸಿ, ಹೂಗುಚ್ಛ ಕೊಟ್ಟು, ಮೊಪೆಡ್ ಒಂದನ್ನು ಉಡುಗೊರೆಯಾಗಿ ನೀಡಿ, ಪತ್ರಿಕೆಗಳಿಗಾಗಿ ಅವರ ಚಿತ್ರ ತೆಗೆಯಲಾಯಿತು. ಆ ಮೊಪೆಡ್ ಈಗ ಬಾನ್ ನಗರದ ಇತಿಹಾಸ ಸಂಗ್ರಹಾಲಯದಲ್ಲಿದೆ. ಅವರು ಮುಂದೆ ಕಾಯಿಲೆ ಬಿದ್ದು ಸ್ವದೇಶಕ್ಕೆ ಮರಳಿ 1979ರಲ್ಲಿ ತೀರಿಕೊಂಡರು. ಟರ್ಕಿಯೊಡನೆ ಜರ್ಮನಿ ಕೆಲಸಗಾರರ ಒಪ್ಪಂದ ಮಾಡಿಕೊಂಡದ್ದು 1961ರಲ್ಲಿ. ಸ್ವಲ್ಪ ಕಾಲ ದುಡಿದು ಹಿಂದಿರುಗುತ್ತಾರೆ ಎಂದು ಎರಡೂ ಕಡೆಯವರು ಎಣಿಸಿದ್ದ ಜನರಲ್ಲಿ ಬಹಳಷ್ಟು ಮಂದಿ ಅಲ್ಲಿಯೇ ನೆಲೆಸಿದರು. 2018ರಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ, ಎಹ್ರೆನ್‌ಫೆಲ್ಡ್ ಬಡಾವಣೆಯ ದೊಡ್ಡ ಮಸೀದಿ ಆ ಕಥೆಯ ಇತ್ತೀಚಿನ ಅಧ್ಯಾಯ. ನಿಮ್ಮ ಮಕ್ಕಳ ಆತಿಥೇಯ ಕುಟುಂಬ ಅದೇ ಬಡಾವಣೆಯಲ್ಲಿರಲಿ, ಅದರಲ್ಲಿ ಒಂದೆರಡು ಮನೆಗಳು ಟರ್ಕಿ ಮೂಲದ ಜರ್ಮನರದ್ದಾಗಿರಲಿ. ಅಜ್ಜಿ ಮಾತನಾಡುವ ಭಾಷೆ ಒಂದು, ಮೊಮ್ಮಗಳದು ಇನ್ನೊಂದು ಇರುವ ಆ ಮನೆ ಜರ್ಮನ್ ಮನೆಯಲ್ಲವೇ ಎಂಬ ಪ್ರಶ್ನೆಯನ್ನು ಯಾರಾದರೊಬ್ಬ ವಿದ್ಯಾರ್ಥಿ ಕೇಳದೆ ಇರುವುದಿಲ್ಲ.

ಈ ಹಂತದಲ್ಲಿ ನಿಮ್ಮ ತರಗತಿಯ ಕನ್ನಡ ಮಕ್ಕಳ ಕಡೆಗೆ ವಿಶೇಷವಾಗಿ ಗಮನ ಕೊಡಿ ಎಂದು ನಾನು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಅವರ ಅಜ್ಜನೋ ಅಪ್ಪನೋ ಕಲಬುರಗಿಯಿಂದ, ವಿಜಯಪುರದಿಂದ ಕೂಲಿಗೋ ನೌಕರಿಗೋ, ಉಡುಪಿಯ ಕಡೆಯಿಂದ ಹೋಟೆಲಿನ ಕೆಲಸಕ್ಕೋ ಪುಣೆಗೆ ಬಂದವರು. ಮನೆಯೊಳಗೆ ಕನ್ನಡ ಅಥವಾ ತುಳು, ಬಾಗಿಲಾಚೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ‘ನಾಲ್ಕು ವರ್ಷ ದುಡಿದು ಊರಿಗೆ ಹೋಗೂಣು’ ಎಂದು ಬಂದವರು ಇಲ್ಲಿಯೇ ಮನೆ ಕಟ್ಟಿಕೊಂಡ ಕಥೆ ಅವರಿಗೆ ಪುಸ್ತಕದಿಂದ ಕಲಿಯಬೇಕಾದದ್ದಲ್ಲ. ಅಜ್ಜನನ್ನು ಕೇಳಿ ಬಂದು, ಅವರು ಪುಣೆ ಸ್ಟೇಷನ್ನಿನಲ್ಲಿ ಮೊದಲ ಬಾರಿ ಇಳಿದದ್ದನ್ನು ಸರಳ ಜರ್ಮನ್‌ನಲ್ಲಿ ಐದಾರು ವಾಕ್ಯ ಬರೆಯಲಿ, ಅದನ್ನು ಡಾಯ್ಟ್ಸ್ ನಿಲ್ದಾಣದ ವರದಿಯ ಪಕ್ಕದಲ್ಲಿ ಅಂಟಿಸಲಿ. 1997ರಲ್ಲಿ ಭಾಷಾ ಶಿಕ್ಷಣ ತಜ್ಞ ಮೈಕೆಲ್ ಬೈರಮ್ ಅಂತರ್‌ಸಾಂಸ್ಕೃತಿಕ ಸಾಮರ್ಥ್ಯವನ್ನು ವಿವರಿಸುವಾಗ, ಪರರ ಬಗ್ಗೆ ತಿಳಿಯುವುದರಷ್ಟೇ ತನ್ನವರ ನಡೆಯನ್ನು ಸಹಜವೆಂದು ಭಾವಿಸದೆ ಹೊರಗಿನಿಂದ ನೋಡಬಲ್ಲ ಮನೋಭಾವಕ್ಕೂ ಮಹತ್ವ ಕೊಟ್ಟರು. ಎರಡು ಭಾಷೆಗಳ ನಡುವೆ ಬೆಳೆದ ಮಗು ಆ ನೋಟವನ್ನು ಅರ್ಧದಷ್ಟು ಮನೆಯಿಂದಲೇ ತಂದಿರುತ್ತದೆ. ತರಗತಿಯಲ್ಲಿ ಅದಕ್ಕೆ ಬೆಲೆ ಇದೆ ಎಂದು ತೋರಿಸುವ ಅವಕಾಶ ಸಿಗುವುದೇ ಅಪರೂಪ.

ಕೊಲೋನಿನ ಪಾದಚಾರಿ ದಾರಿಯಲ್ಲಿ ಇನ್ನೂ ಒಂದು ನಿಲುಗಡೆ ಇರಲೇಬೇಕು. ಗುಂಟರ್ ಡೆಮ್ನಿಗ್ ಎಂಬ ಕಲಾವಿದರು ನಾಜಿಗಳಿಂದ ಕೊಲೆಯಾದವರು ಮತ್ತು ಹಿಂಸೆಗೊಳಗಾದವರು ಕೊನೆಯದಾಗಿ ತಾವಾಗಿ ಆರಿಸಿಕೊಂಡು ಬದುಕಿದ್ದ ಮನೆಗಳ ಮುಂದೆ, ಅಂಗೈಯಗಲದ ಹಿತ್ತಾಳೆ ಫಲಕವಿರುವ ಕಲ್ಲುಗಳನ್ನು ಕಾಲುದಾರಿಯಲ್ಲಿ ಕೂರಿಸುತ್ತ ಬಂದಿದ್ದಾರೆ. ಮೊದಲ ಕಲ್ಲನ್ನು 1992ರ ಡಿಸೆಂಬರ್ 16ರಂದು ಕೊಲೋನಿನ ನಗರಸಭೆಯ ಮುಂದೆ ಇಡಲಾಯಿತು, ಒಂದು ಲಕ್ಷದನೆಯ ಕಲ್ಲನ್ನು 2023ರ ಮೇ ತಿಂಗಳಲ್ಲಿ ನ್ಯೂರೆಂಬರ್ಗಿನಲ್ಲಿ. ಫಲಕಗಳ ಮೇಲಿನ ಬರಹ ಬಹುಮಟ್ಟಿಗೆ ಒಂದೇ ಬಗೆಯದು: ಇಲ್ಲಿ ವಾಸವಾಗಿದ್ದರು, ಹೆಸರು, ಹುಟ್ಟಿದ ವರ್ಷ, ಗಡೀಪಾರಾದ ವರ್ಷ, ಕೊಲೆಯಾದ ಸ್ಥಳ. ಆರಂಭಿಕ ಹಂತದ ವ್ಯಾಕರಣ ಅದನ್ನು ಓದಲು ಸಾಕು. ಭಾಷೆ ಇನ್ನೂ ಎಳೆಯದಾಗಿರುವ ಮಕ್ಕಳಿಗೆ ಗಂಭೀರ ವಿಷಯಗಳು ಎಟುಕುವುದಿಲ್ಲ ಎಂಬ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಈ ಒಂದು ನಿಲುಗಡೆಯಲ್ಲಿ ಮಾತ್ರ ಪಾತ್ರಾಭಿನಯ ಬೇಡ, ಅಂಕವೂ ಬೇಡ. ಓದಿ, ಹೆಸರನ್ನು ವಹಿಯಲ್ಲಿ ಬರೆದುಕೊಂಡು ಮುಂದೆ ಸಾಗಿ.

ಮಾತು ಮರಾಠಿ, ಇಂಗ್ಲಿಷಿಗೆ ಜಾರುತ್ತದೆ ಎಂದು ಬರೆದಿದ್ದೀರಿ. ಪ್ರವಾಸದ ಒಳಗಿನದೆಲ್ಲ, ಅಂದರೆ ಟಿಕೆಟ್, ಅಂಗಡಿ, ಫೋನು, ಅರ್ಜಿ, ಮನೆಗೆ ಬರೆಯುವ ಪೋಸ್ಟ್‌ಕಾರ್ಡ್, ಜರ್ಮನ್‌ನಲ್ಲಿಯೇ ಇರಬೇಕು. ವಾಕ್ಯ ಮೂರೇ ಪದಗಳದ್ದಾದರೂ ಸರಿ. ಪ್ರವಾಸದ ಬಗ್ಗೆ ಯೋಚಿಸುವಾಗ ಮಗು ಯಾವ ಭಾಷೆಯಲ್ಲಿ ಆಳವಾಗಿ ಯೋಚಿಸಬಲ್ಲದೋ ಆ ಭಾಷೆಯಲ್ಲಿ ಮಾತನಾಡಲಿ. ಭಾನುವಾರದ ಕಾನೂನಿನ ಬಗ್ಗೆ ಹದಿಮೂರು ವರ್ಷದ ಮಗು ತನಗೆ ಬರುವ ಜರ್ಮನ್‌ನಲ್ಲಿ ಹೇಳಬಹುದಾದದ್ದು ‘ಅಂಗಡಿ ಮುಚ್ಚಿದೆ’ ಎಂಬಷ್ಟೇ. ಅಷ್ಟಕ್ಕೇ ನಿಲ್ಲಿಸಿದರೆ ಸಂಸ್ಕೃತಿಯ ಪಾಠ ನಡೆದಂತಾಗುವುದಿಲ್ಲ. ದಿನಚರಿಯ ಎಡಪುಟ ಜರ್ಮನ್‌ಗೆ, ಬಲಪುಟ ಬೇರೆ ಯಾವುದೇ ಭಾಷೆಗೆ ಎಂದು ಗೊತ್ತುಮಾಡಿದರೆ ಎರಡೂ ಒಂದರ ಜಾಗವನ್ನು ಇನ್ನೊಂದು ನುಂಗದೆ ಇರುತ್ತವೆ.

ಕೊನೆಯ ವಾರದಲ್ಲಿ ದಾರಿಯನ್ನು ತಿರುಗಿಸಿ: ಕೊಲೋನಿನ ಆತಿಥೇಯ ಮನೆಯ ಹುಡುಗಿ ಪುಣೆಗೆ ಬರುತ್ತಾಳೆ. ಅವಳಿಗೆ ಮಕ್ಕಳು ಕರ್ವೆ ರಸ್ತೆ ದಾಟುವ ಬಗೆ, ರಿಕ್ಷಾದ ಮೀಟರು, ಮನೆಯೊಳಗೆ ಬರುವಾಗ ಚಪ್ಪಲಿ ಬಿಡುವುದು, ‘ಊಟ ಆಯ್ತಾ’ ಎಂದು ಕೇಳಿದವರಿಗೆ ಏನು ಉತ್ತರಿಸಬೇಕು ಎಂಬುದನ್ನೆಲ್ಲ ಜರ್ಮನ್‌ನಲ್ಲಿ ಬರೆದು ಕೊಡಬೇಕು. ಹಳೆಯ ವಾಡೆಗಳ ಮತ್ತು ಅಂಗಡಿಗಳ ಮೇಲಿನ ಪುಣೇರಿ ಪಾಟಿಗಳನ್ನು, ಅಂದರೆ ಗಂಟೆ ಒಮ್ಮೆ ಮಾತ್ರ ಒತ್ತಿರಿ, ವಿಳಾಸ ವಿಚಾರಿಸಬೇಡಿ ಎಂಬಂಥ ಖಡಕ್ ಸೂಚನೆಗಳನ್ನು, ಅವಳಿಗೆ ವಿವರಿಸುವುದು ಕಷ್ಟವೂ ಉಪಯುಕ್ತವೂ ಆದ ಕೆಲಸ. ಅವು ಸಿಟ್ಟಿನಿಂದ ಬರೆದವೇ, ತಮಾಷೆಯೇ, ಶಿಸ್ತೇ? ಉತ್ತರ ಹುಡುಕುವಾಗ, ‘ಜರ್ಮನರು ಹೀಗೆ’ ಎಂದು ಒಂದೇ ವಾಕ್ಯದಲ್ಲಿ ತಾವು ಹೇಳಿದ್ದು ಎಷ್ಟು ಅವಸರದ ಮಾತಾಗಿತ್ತು ಎಂದು ಮಕ್ಕಳಿಗೆ ತಿಳಿಯುತ್ತದೆ.

ನೀವು ಜರ್ಮನಿಗೆ ಹೋಗಿಲ್ಲ ಎಂಬ ಸಂಕೋಚವನ್ನು ಬಿಡಿ. ಈ ಪಾಠದಲ್ಲಿ ನಿಮ್ಮ ಕೆಲಸ ಕಂಡದ್ದನ್ನು ಹೇಳುವುದಲ್ಲ. ವೇಳಾಪಟ್ಟಿ, ರಸೀದಿ, ಸೂಚನಾ ಫಲಕ, ಅರ್ಜಿ ನಮೂನೆ, ಮನೆಗಳ ಫೋಟೋಗಳನ್ನು ಸರಿಯಾದ ಹೊತ್ತಿಗೆ ಮಕ್ಕಳ ಮುಂದೆ ಇಡುವುದು. ಅವುಗಳಿಗೆ ಪುಣೆಯಲ್ಲಿ ಬರಗಾಲವಿಲ್ಲ. ಜರ್ಮನ್ ಸಾಂಸ್ಕೃತಿಕ ಕೇಂದ್ರವಾದ ಮ್ಯಾಕ್ಸ್ ಮುಲ್ಲರ್ ಭವನದ ಗ್ರಂಥಾಲಯವಿದೆ. ಫರ್ಗ್ಯೂಸನ್ ಕಾಲೇಜು ರಸ್ತೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿ ವಿಶ್ವವಿದ್ಯಾಲಯದ ವಿದೇಶಿ ಭಾಷಾ ವಿಭಾಗವಿದೆ. ಪುಣೆಯ ಹತ್ತಿರದ ಚಾಕಣದ ಜರ್ಮನ್ ಕಾರ್ಖಾನೆಗಳಲ್ಲಿ ದುಡಿದು ಅಲ್ಲಿಗೆ ಹೋಗಿ ಬಂದ ಎಷ್ಟೋ ಜನರು ನಿಮ್ಮ ಪಾಲಕರಲ್ಲಿಯೇ ಇದ್ದಾರು. ಅವರನ್ನು ಭಾಷಣಕ್ಕೆ ಕರೆಯಬೇಡಿ. ಮೊದಲ ಭಾನುವಾರ ಊಟಕ್ಕೆ ಏನು ಮಾಡಿದಿರಿ, ಕಸವನ್ನು ಯಾವ ಡಬ್ಬಿಗೆ ಹಾಕಿದಿರಿ, ನೆರೆಯವರು ಯಾವುದಕ್ಕೆ ಬಂದು ಬಾಗಿಲು ತಟ್ಟಿದರು ಎಂಬಂಥ ಪ್ರಶ್ನೆಗಳನ್ನು ಮಕ್ಕಳೇ ಸಿದ್ಧಪಡಿಸಿಕೊಂಡು ಅವರನ್ನು ಕೇಳಲಿ.

ಇನ್ನು ಅಂಕಗಳ ಪ್ರಶ್ನೆ. ಪಾಲಕರ ಕಾಳಜಿ ಅನುಚಿತವಲ್ಲ, ಅದಕ್ಕೆ ಸ್ಪಷ್ಟ ಉತ್ತರ ಕೊಡಬಹುದು. ದರ ಕೇಳುವುದು, ವೇಳೆ ಹೇಳುವುದು, ದಾರಿ ವಿಚಾರಿಸುವುದು, ಅರ್ಜಿ ತುಂಬುವುದು, ಚಿಕ್ಕ ಪತ್ರ ಬರೆಯುವುದು, ಇವೆಲ್ಲ 2001ರ ಐರೋಪ್ಯ ಭಾಷಾ ಮಾನದಂಡದ ಮೊದಲೆರಡು ಹಂತಗಳು ಬೇಡುವ ಸಾಮರ್ಥ್ಯಗಳೇ ಆಗಿವೆ. ಪರೀಕ್ಷೆಯಲ್ಲಿ ಬರುವುದನ್ನೇ ಮಕ್ಕಳು ಇಲ್ಲಿ ಕಾರಣವಿಟ್ಟುಕೊಂಡು ಮಾಡುತ್ತಾರೆ. ಅಂಕ ಕೊಡುವಾಗ ಸ್ಲೈಡಿನ ಅಂದಕ್ಕೆ ಏನೂ ಇಡಬೇಡಿ. ಅರ್ಧ ಅಂಕಗಳನ್ನು ಜರ್ಮನ್‌ನಲ್ಲಿ ಮಾಡಿದ ವ್ಯವಹಾರಗಳಿಗೆ ಇಡಿ. ಉಳಿದರ್ಧವನ್ನು ಒಂದೇ ಪುಟಕ್ಕೆ ಕೊಡಿ: ಹೊರಡುವ ಮುನ್ನ ಆ ದೇಶದ ಬಗ್ಗೆ ಮಗು ಬರೆದುಕೊಂಡಿದ್ದ ಮೂರು ಊಹೆಗಳು, ಅವುಗಳಲ್ಲಿ ಯಾವುದು ಬದಲಾಯಿತು, ಯಾವ ದಾಖಲೆಯನ್ನು ನೋಡಿದ ಮೇಲೆ ಬದಲಾಯಿತು. ದಾಖಲೆಯನ್ನು ಹೆಸರಿಸದೆ ‘ನನ್ನ ದೃಷ್ಟಿ ವಿಶಾಲವಾಯಿತು’ ಎಂದು ಬರೆದ ಪುಟಕ್ಕೆ ಅಂಕ ಕಡಿಮೆ ಇರಲಿ. ರೈಲಿನ ವಿಳಂಬದ ಅಂಕಿಯನ್ನೋ ಬಾಟಲಿಯ ರಸೀದಿಯನ್ನೋ ತೋರಿಸಿ, ತನ್ನ ಮೊದಲಿನ ಊಹೆಯನ್ನು ಏಕೆ ತಿದ್ದಿದೆ ಅಥವಾ ಏಕೆ ಉಳಿಸಿಕೊಂಡೆ ಎಂದು ವಿವರಿಸಿದ ಪುಟಕ್ಕೆ ಪೂರ್ಣ ಅಂಕ ಕೊಡಿ. ವಾರಕ್ಕೆ ಒಂದು ಪಿರಿಯಡ್‌ನಂತೆ ಆರು ವಾರ ಇದಕ್ಕೆ ಸಾಕು. ಮೊದಲ ಪಿರಿಯಡ್‌ನಲ್ಲಿ ಕಾರ್ಡುಗಳನ್ನು ಹಂಚುವ ಮುಂಚೆಯೇ ಆ ಮೂರು ಊಹೆಗಳನ್ನು ಬರೆಸಿ, ಹಾಳೆಗಳನ್ನು ಸಂಗ್ರಹಿಸಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ.